ನಾಯಿ ಕುಂತಂಗೆ ಕುಂತ ಗಾಡಿ

ನನ್ನ ಬಾಮೈದನಿಗೆ ಬೆಣ್ಣೆ ದೋಸೆ ಟ್ರೇಲರ್ ಮಾಡಿಸುವ ಹುಚ್ಚು ಹಿಡಿದಿತ್ತು. ದಾವಣಗೆರೆಯಲ್ಲಿ ಓಣಿಗೊಂದು ಬೆಣ್ಣೆ ದೋಸೆ ಹೋಟೆಲ್ ಇದೆ, ನಿನ್ನದು ಇನ್ನೊಂದು ಯಾಕಪ್ಪಾ ಅಂತ ಕೇಳಿದೆ. "ಊರೊಳಗೆ ಯಾರು ಹಾಕ್ತಾರೆ ಮಾವಾ, ಜಾತ್ರೆಗೆ ಒಯ್ಯೋದು" ಅಂದ. ಹರಿಹರ ರಸ್ತೆ ಕಡೆಯ ಒಂದು ಶೆಡ್‌ನಲ್ಲಿ ಎರಡು ತಿಂಗಳು ವೆಲ್ಡಿಂಗ್ ನಡೆಯಿತು. ಒಂದೇ ಆಕ್ಸಲ್, ಎರಡು ಚಕ್ರ, ಪಕ್ಕಕ್ಕೆ ಎತ್ತಿ ನಿಲ್ಲಿಸುವ ಬಾಗಿಲು, ಒಳಗೆ ಎರಡು ದೊಡ್ಡ ಕಾವಲಿ, 200 ಲೀಟರ್ ನೀರಿನ ಟ್ಯಾಂಕ್, ಜನರೇಟರ್, ಎರಡು ಕಮರ್ಷಿಯಲ್ ಸಿಲಿಂಡರ್. ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಇದನ್ನು ಎಳೆಯೋರು ಯಾರು ಅಂದರೆ ಎಲ್ಲರೂ ನನ್ನ ಕಡೆ ನೋಡಿದರು, ಯಾಕೆಂದರೆ ಮನೆಯಲ್ಲಿ ದೊಡ್ಡ ಗಾಡಿ ಇರೋದು ನನ್ನ ಹತ್ತಿರ.

ಗಾಡಿ ಏಳು ಸೀಟಿನ ಡೀಸೆಲ್ ಎಸ್‌ಯುವಿ. ಕೆಳಗೆ ಲಾರಿ ತರ ಬೇರೆಯೇ ಚಾಸಿ, ಹಿಂದೆ ಕಾಯಿಲ್ ಸ್ಪ್ರಿಂಗ್. ಕಂಪನಿ ಹೆಸರು ಹೇಳಲ್ಲ, ಈ ಕಥೆಯಲ್ಲಿ ಗಾಡಿಯದು ಏನೂ ತಪ್ಪಿಲ್ಲ. ಹಿಚ್, ಅಂದರೆ ಟ್ರೇಲರ್ ಕಟ್ಟುವ ಕೊಂಡಿ, ಹಾಕಿಸುವಾಗ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ, ಅದನ್ನು ಬಂಪರ್‌ಗೆ ಅಲ್ಲ, ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಬೋಲ್ಟ್ ಹಾಕಿಸಿದೆ. ಟ್ರೇಲರ್ ಮೂತಿ ಕೂರುವ ಗುಂಡು, ಅಂದರೆ ಬಾಲ್, 50 ಎಂಎಂದು. ಏಳು ಪಿನ್ನಿನ ಲೈಟ್ ಕನೆಕ್ಷನ್, ಅಡ್ಡ ಹಾಕಿದ ಎರಡು ಸೇಫ್ಟಿ ಚೈನ್, ಟ್ರೇಲರ್‌ಗೆ ತನ್ನದೇ ನಂಬರ್, ತನ್ನದೇ ಇನ್ಶೂರೆನ್ಸ್. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಅಂದರೆ ಅದೂ ಒಂದು ಮೋಟಾರು ವಾಹನವೇ, ಇಂಜಿನ್ ಇಲ್ಲ ಅಂತ ಬಿಡಂಗಿಲ್ಲ. ಗಾಡಿಯ ಪುಸ್ತಕದಲ್ಲಿ ಎಷ್ಟು ಎಳೆಯಬಹುದು ಅಂತ ಬರೆದಿರುತ್ತಾರೆ, ಅದನ್ನೂ ನೋಡಿಕೊಂಡಿದ್ದೆ.

ಮೊದಲ ದಿನ ಎಲ್ಲಾ ಸಾಮಾನು ತುಂಬಿ, ಹಿಟ್ಟಿನ ನಾಲ್ಕು ಕ್ಯಾನ್‌ಗಳನ್ನು ಗಾಡಿಯ ಡಿಕ್ಕಿಯಲ್ಲಿಟ್ಟು, ಟ್ರೇಲರ್ ಮೂತಿಯನ್ನು ಬಾಲ್ ಮೇಲೆ ಇಳಿಸಿದೆವು. ಜಾಕ್ ತಿರುಗಿಸುತ್ತಾ ಇದ್ದಂಗೆ ಗಾಡಿಯ ಹಿಂಭಾಗ ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಜಾಕ್ ಪೂರ್ತಿ ಮೇಲೆ ಬಂದಾಗ ಬಾಮೈದ ಎರಡು ಹೆಜ್ಜೆ ಹಿಂದೆ ಸರಿದು ನಿಂತು, "ಮಾವಾ, ಗಾಡಿ ನಾಯಿ ಕುಂತಂಗೆ ಕುಂತೈತಿ" ಅಂದ. ಹಂಗೇ ಇತ್ತು. ಮೂತಿ ಮೇಲೆ, ಕುಂಡಿ ಕೆಳಗೆ. ಟೇಪ್ ಹಿಡಿದು ಅಳೆದೆ: ಹಿಂದಿನ ಚಕ್ರದ ಮೇಲಿನ ಕಮಾನು ನೆಲದಿಂದ 86 ಸೆಂಟಿಮೀಟರ್ ಇದ್ದದ್ದು 78.5ಕ್ಕೆ ಬಂದಿತ್ತು. ಮುಂದಿನದು ಒಂದೂವರೆ ಸೆಂಟಿಮೀಟರ್ ಮೇಲೆ ಹೋಗಿತ್ತು.

ಅಪ್ಪ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಅವರು ಹುಡುಗರಾಗಿದ್ದಾಗ ಎತ್ತಿನ ಗಾಡಿಯಲ್ಲಿ ಆಣಜಿ ಕಡೆಯಿಂದ ದಾವಣಗೆರೆಗೆ ಮಾಲು ಹೊಡೆದವರು. "ಮುಂಭಾರ ಆಗೈತಲ್ಲೋ" ಅಂದರು, ಅಷ್ಟೇ. ಟ್ರೇಲರ್‌ನ ಭಾರ ಅದರ ಮೂತಿ ಕಡೆಗೆ ಜಾಸ್ತಿ ಬಿದ್ದಿದೆ ಅಂತ. ಆಮೇಲೆ ಉಪಾಯವನ್ನೂ ಅವರೇ ಕೊಟ್ಟರು: "ಇವನ್ನ ಬಾನೆಟ್ ಮ್ಯಾಲೆ ಕುಂದ್ರಸು, ಸಮ ಆಗ್ತೈತಿ." ಬಾಮೈದ ತೂಕದಲ್ಲಿ ನೂರರ ಆಸುಪಾಸು. ಎಲ್ಲರೂ ನಕ್ಕೆವು. ಮೊದಲು ಹೇಳಿದ ಮಾತು ಆ ನಗುವಿನಲ್ಲೇ ಕಳೆದುಹೋಯಿತು.

ಅವತ್ತು ರಾತ್ರಿ ಟ್ರಯಲ್ ಅಂತ ಹೈವೇಗೆ ಹತ್ತಿ ಆನಗೋಡಿನವರೆಗೆ ಹೋಗಿ ಬಂದೆವು. ಎದುರು ಬರುವ ಗಾಡಿಯವರೆಲ್ಲಾ ಲೈಟ್ ಮಿಣುಕಿಸಿ ಬೈಯುತ್ತಿದ್ದರು. ನಾನು ಡಿಮ್‌ನಲ್ಲೇ ಇದ್ದೆ! ಗಾಡಿಯ ಮೂತಿ ಎದ್ದದ್ದರಿಂದ ಡಿಮ್ ಲೈಟೂ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಸ್ಟೀರಿಂಗ್ ಬೆಣ್ಣೆ ಮೇಲೆ ಇಟ್ಟ ಹಾಗೆ ಹಗುರ. ಪವರ್ ಸ್ಟೀರಿಂಗ್ ಚೆನ್ನಾಗಿದೆ ಅಂತ ಖುಷಿಪಡುವ ಹಗುರ ಅಲ್ಲ ಅದು, ಚಕ್ರ ರೋಡನ್ನು ಹಿಡಿದುಕೊಂಡಿಲ್ಲ ಅನ್ನುವ ಹಗುರ. ಊರೊಳಗೆ ವಾಪಸ್ ಬಂದಾಗ ಹಂಪ್ ಸಿಕ್ಕಲ್ಲೆಲ್ಲಾ ಹಿಂದೆ 'ದಡ್' ಅಂತ ಸದ್ದು. ಸ್ಪ್ರಿಂಗ್ ಪೂರ್ತಿ ಕುಸಿದು ಕೆಳಗಿನ ರಬ್ಬರ್ ಸ್ಟಾಪರ್‌ಗೆ ಬಡಿಯುತ್ತಿತ್ತು.

ಬೆಳಗ್ಗೆ ಎದ್ದು ಹಳೇ ಪಿ.ಬಿ. ರಸ್ತೆಯ ನಮ್ಮ ಮಾಮೂಲಿ ಮೆಕ್ಯಾನಿಕ್ ಹತ್ತಿರ ಹೋದೆ. ಸಾಬರು ಗಾಡಿ ಕೆಳಗೆ ಮಲಗಿ ನೋಡಿ, "ಅಣ್ಣಾ, ಲಾರಿ ತರ ಪಟ್ಟಿ ಸ್ಪ್ರಿಂಗ್ ಪ್ಲೇಟ್ ಇರೋ ಗಾಡಿ ಆಗಿದ್ರೆ ಒಂದು ಪ್ಲೇಟ್ ಜಾಸ್ತಿ ಹಾಕ್ಕೊಡ್ತಿದ್ದೆ, ಇದು ಕಾಯಿಲು" ಅಂದರು. ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಇದ್ದವು, ಹಾಕಿಸಿದೆ. ಎರಡು ಸೆಂಟಿಮೀಟರೂ ಮೇಲೆ ಬರಲಿಲ್ಲ. ಅದು ಮಾಡೋದು ಇಷ್ಟೇ: ಸ್ಪ್ರಿಂಗಿನ ಒಂದು ಸುತ್ತನ್ನು ಕಟ್ಟಿಹಾಕಿ ಬಿಗಿ ಮಾಡುತ್ತೆ. ಟ್ರೇಲರ್ ಇಲ್ಲದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದ ದಿನ ಹಿಂದಿನ ಸೀಟಿನಿಂದ ಬೈಗುಳ ಬಂತು, ಟ್ರ್ಯಾಕ್ಟರ್‌ನಲ್ಲಿ ಕೂತಂಗೆ ಆಗುತ್ತೆ ಅಂತ. ತೆಗೆಸಿದೆ. ಆ ದುಡ್ಡು ನೀರಿಗೆ.

ಆಮೇಲೆ ಏರ್ ಬ್ಯಾಗ್. ಆಕ್ಸಿಡೆಂಟ್ ಆದಾಗ ಉಬ್ಬುವುದಲ್ಲ, ಕಾಯಿಲ್ ಸ್ಪ್ರಿಂಗಿನ ಹೊಟ್ಟೆಯೊಳಗೆ ಕೂರುವ ಸಿಲಿಂಡರ್ ಆಕಾರದ ಗಾಳಿ ಚೀಲ. ಖಾಲಿ ಮಾಡಿ, ಸುರುಳಿ ಸುತ್ತಿ, ಸ್ಪ್ರಿಂಗ್ ಸಂದಿಯಲ್ಲಿ ತೂರಿಸಿ, ಆಮೇಲೆ ಗಾಳಿ ತುಂಬೋದು. ಆನ್‌ಲೈನ್‌ನಲ್ಲಿ ತರಿಸಿದೆ. ಸಾಬರಿಗೆ ಇದು ಹೊಸದು, ಆದರೂ ಆಸಕ್ತಿಯಿಂದ ಕೂತರು. ಒಂದು ವಿಷಯದಲ್ಲಿ ನಾನು ಹಟ ಹಿಡಿದೆ: ಎರಡೂ ಚೀಲಕ್ಕೆ ಬೇರೆ ಬೇರೆ ಪೈಪ್, ಬೇರೆ ಬೇರೆ ವಾಲ್ವ್. ಒಂದೇ ಪೈಪಿಗೆ T ಆಕಾರದ ಜಾಯಿಂಟ್ ಹಾಕಿ ಎರಡೂ ಚೀಲಕ್ಕೆ ಕೊಟ್ಟರೆ ಗಾಡಿ ತಿರುವಿನಲ್ಲಿ ವಾಲಿದಾಗ ಒತ್ತಿಸಿಕೊಂಡ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡುತ್ತೆ, ಗಾಡಿ ಇನ್ನೂ ವಾಲುತ್ತೆ. ಪೈಪನ್ನು ಸೈಲೆನ್ಸರ್‌ನಿಂದ ದೂರ ಒಯ್ದು, ನಂಬರ್ ಪ್ಲೇಟ್ ಪಕ್ಕ ಎರಡು ವಾಲ್ವ್ ಕೂರಿಸಿದರು. ಸೋಪಿನ ನೊರೆ ಹಚ್ಚಿ ಲೀಕ್ ನೋಡಿದೆವು, ಟ್ಯೂಬ್ ಪಂಕ್ಚರ್ ನೋಡುವ ಹಾಗೇ. ನಾನು ತರಿಸಿದ ಚೀಲಕ್ಕೆ 35 ಪಿಎಸ್‌ಐ ಮೇಲೆ ತುಂಬಬಾರದು, ಖಾಲಿ ಓಡಿಸುವಾಗಲೂ 5ಕ್ಕಿಂತ ಕೆಳಗೆ ಇಳಿಸಬಾರದು. ಗಾಳಿ ಇಲ್ಲದೆ ಓಡಿಸಿದರೆ ಸ್ಪ್ರಿಂಗ್ ಸುತ್ತುಗಳ ನಡುವೆ ಸಿಕ್ಕಿ ತೂತು ಬೀಳುತ್ತೆ.

25 ಪಿಎಸ್‌ಐ ತುಂಬಿಸಿ, ಟ್ರೇಲರ್ ಇಳಿಸಿದೆವು. 85 ಸೆಂಟಿಮೀಟರ್! ಗಾಡಿ ನೆಟ್ಟಗೆ ನಿಂತಿತ್ತು. ಬಾಮೈದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಕೊಂಡ. ಸಾಬರಿಗೆ ಸಂಭಾವನೆ ಜೊತೆ ಒಂದು ಖಾಲಿ ದೋಸೆ, ಎರಡು ಬೆಣ್ಣೆ ದೋಸೆ.

ನನಗೆ ಮಾತ್ರ ಸ್ಟೀರಿಂಗ್ ಹಿಡಿದಾಗ ಸಮಾಧಾನ ಇಲ್ಲ. ಲೈಟ್ ಸರಿ ಹೋಯಿತು, ದಡ್ ಸದ್ದು ನಿಂತಿತು, ಆದರೆ ಆ ಹಗುರ ಹಾಗೇ ಇತ್ತು. ನಮ್ಮದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿ. ತೂಕ ಮಾಡದೆ ನಾವು ಏನನ್ನೂ ನಂಬಲ್ಲ, ಬುದ್ಧಿ ಇದ್ದಿದ್ದರೆ ಮೊದಲೇ ತೂಕ ಮಾಡುತ್ತಿದ್ದೆ. ಹತ್ತಿರದ ವೇಬ್ರಿಡ್ಜ್‌ಗೆ ಹೋದೆ. ಹುಡುಗನಿಗೆ ಮೊದಲು ಮುಂದಿನ ಎರಡು ಚಕ್ರ ಮಾತ್ರ, ಆಮೇಲೆ ನಾಲ್ಕೂ ಚಕ್ರ, ಟ್ರೇಲರ್ ಚಕ್ರ ಹೊರಗೆ ಅಂತ ಹೇಳಿದರೆ, "ಅಣ್ಣಾ, ಯಾವ ಲೋಡು ಬರೀಲಿ?" ಅಂದ. ದೋಸೆ ಅಂತ ಬರಿ ಅಂದೆ. ಬರೆದೇಬಿಟ್ಟ, ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಲೆಕ್ಕ ಹೀಗಿತ್ತು. ಟ್ರೇಲರ್ ಬಿಚ್ಚಿದಾಗ ಗಾಡಿಯ ಮುಂದಿನ ಆಕ್ಸಲ್ ಮೇಲೆ 1030 ಕಿಲೋ, ಹಿಂದೆ 1120. ಟ್ರೇಲರ್ ಕಟ್ಟಿ, ಚೀಲದ ಗಾಳಿ ಇಳಿಸಿ ತೂಗಿದಾಗ ಮುಂದೆ 950, ಹಿಂದೆ 1390. ಒಟ್ಟು 190 ಕಿಲೋ ಜಾಸ್ತಿ ಆಗಿದೆ, ಅದು ಟ್ರೇಲರ್ ಮೂತಿಯ ತೂಕ. ಆದರೆ ಹಿಂದೆ ಏರಿದ್ದು 190 ಅಲ್ಲ, 270! ಉಳಿದ 80 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಬಾಲ್ ಇರೋದು ಹಿಂದಿನ ಆಕ್ಸಲ್‌ನಿಂದ 120 ಸೆಂಟಿಮೀಟರ್ ಆಚೆ, ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ನಡುವೆ 275. ಏತದ ಹಾಗೆ, ಹಿಂದೆ ಒತ್ತಿದರೆ ಮುಂದೆ ಏಳುತ್ತೆ. 190 ಇಂಟು 120 ಭಾಗಿಸು 275, ಹತ್ತಿರ ಹತ್ತಿರ ಎಂಬತ್ಮೂರು. ಚೀಟಿಗೂ ಲೆಕ್ಕಕ್ಕೂ ತಾಳೆ ಆಯಿತು.

ಇನ್ನು ಚೀಲಕ್ಕೆ 25 ಪಿಎಸ್‌ಐ ತುಂಬಿಸಿ ಅಲ್ಲೇ ಮತ್ತೆ ತೂಗಿದೆ. ಮುಂದೆ 950. ಒಂದು ಕಿಲೋನೂ ವಾಪಸ್ ಬಂದಿಲ್ಲ! ಗಾಡಿ ಕಣ್ಣಿಗೆ ಮಟ್ಟಸವಾಗಿದೆ, ತೂಕ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಯೋಚನೆ ಮಾಡಿದರೆ ಸರಿಯೇ ಅಲ್ವಾ, ಚೀಲ ಸ್ಪ್ರಿಂಗಿಗೆ ಆಸರೆ ಕೊಡುತ್ತೆ, ಆದರೆ ಭಾರವನ್ನು ಹೊತ್ತಿರೋದು ಅದೇ ಹಿಂದಿನ ಆಕ್ಸಲ್, ಅದೇ ಟೈರ್. ನನ್ನ ಟೈರ್ ಮೇಲೆ 112 ಅಂತ ಲೋಡ್ ನಂಬರ್ ಇದೆ, ಅಂದರೆ ಒಂದೊಂದಕ್ಕೆ 1120 ಕಿಲೋ, ಟೈರಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮುಂದೆ. ತಿರುಗಿಸೋದು ಮುಂದಿನ ಚಕ್ರ, ಬ್ರೇಕ್‌ನಲ್ಲಿ ಜಾಸ್ತಿ ಕೆಲಸ ಮಾಡೋದೂ ಮುಂದಿನ ಚಕ್ರ, ಅದರ ಮೇಲಿನ ಎಂಬತ್ತು ಕಿಲೋ ನಾನು ಎತ್ತಿ ಹಿಂದೆ ಹಾಕಿದ್ದೆ.

ಇದಕ್ಕೆ ಅಮೆರಿಕದಲ್ಲಿ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಬಳಸುತ್ತಾರೆ. ಹಿಚ್‌ನಿಂದ ಟ್ರೇಲರ್ ಕಡೆಗೆ ಎರಡು ಸ್ಪ್ರಿಂಗ್ ಕಂಬಿ, ಅವನ್ನು ಬಿಗಿ ಮಾಡಿದರೆ ಕೈಗಾಡಿಯ ಹಿಡಿ ಎತ್ತಿದ ಹಾಗೆ ಗಾಡಿಯ ಹಿಂಭಾಗವನ್ನು ಎತ್ತಿ ಸ್ವಲ್ಪ ಭಾರವನ್ನು ಮುಂದಿನ ಚಕ್ರಕ್ಕೂ ಸ್ವಲ್ಪವನ್ನು ಟ್ರೇಲರ್ ಚಕ್ರಕ್ಕೂ ತಳ್ಳುತ್ತೆ. ನಿಜವಾದ ಔಷಧಿ ಅದೇ. ಆದರೆ ನಮ್ಮ ಟ್ರೇಲರ್‌ನ ಮೂತಿ ಒಂಟಿ ಕಂಬಿ, ಅದಕ್ಕೆ ಅದು ಕೂರಲ್ಲ, ನಮ್ಮ ಕಡೆ ಹಾಕಿ ಗೊತ್ತಿರುವವರು ನನಗೆ ಸಿಗಲೂ ಇಲ್ಲ. ಬಿಟ್ಟೆ.

ಹಾಗಾದರೆ ಮೂತಿಯ ತೂಕವನ್ನೇ ಇಳಿಸೋಣ ಅಂತ ಕೂತೆವು. ಟ್ರೇಲರ್ ಒಟ್ಟು 1150 ಕಿಲೋ, ಮೂತಿ 190, ಅಂದರೆ ಶೇಕಡಾ ಹದಿನಾರೂವರೆ. ಹತ್ತರಿಂದ ಹದಿನೈದರ ಒಳಗೆ ಇರಲಿ ಅಂತ ಅಮೆರಿಕದವರ ಲೆಕ್ಕ, ಯುರೋಪಿನವರು ಇನ್ನೂ ಕಡಿಮೆ ಇಟ್ಟುಕೊಳ್ಳುತ್ತಾರೆ. ಅಂಗಡಿಯಿಂದ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ತಂದು, ಅದರ ಮೇಲೆ ಮರದ ತುಂಡು ಜೋಡಿಸಿ, ಬಾಲ್ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಟ್ರೇಲರ್ ಮೂತಿ ಕೂರಿಸಿದೆವು. ಬಾಮೈದ ಕಾವಲಿಗಳನ್ನೂ ಜನರೇಟರನ್ನೂ ಬಿಚ್ಚಿ ಹಿಂದಿನ ಬಾಗಿಲ ಹತ್ತಿರ ಕಟ್ಟಿದ. ತಕ್ಕಡಿ 130 ತೋರಿಸಿತು. ಶೇಕಡಾ ಹನ್ನೊಂದು ಚಿಲ್ಲರೆ. ಇಬ್ಬರೂ ಕೈ ಕೈ ತಟ್ಟಿಕೊಂಡೆವು. ನೋಡಿ, ಇಲ್ಲೇ ನಾವು ದೊಡ್ಡ ತಪ್ಪು ಮಾಡಿದ್ದು.

ಮಾರ್ಚ್‌ನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ. ಜಗಳೂರಿನ ಮೇಲೂ ದಾರಿ ಇದೆ, ಆದರೆ ಹೊಸ ಕೈಗೆ ಅಗಲ ರಸ್ತೆ ಇರಲಿ ಅಂತ ಹೈವೇಯಲ್ಲೇ ಹೊರಟೆವು. ಹೆಬ್ಬಾಳು ಟೋಲ್, ಭರಮಸಾಗರ, ಚಿತ್ರದುರ್ಗ, ಚಳ್ಳಕೆರೆ, ಹಟ್ಟಿ. ಅರವತ್ತು ದಾಟಿಸಲಿಲ್ಲ. ದುರ್ಗ ನಮ್ಮೂರಿಗಿಂತ ನೂರು ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ, ಕಾರಲ್ಲಿ ಹೋಗುವಾಗ ಗೊತ್ತೇ ಆಗದ ಆ ಏರು ಹಿಂದೆ ಟನ್ನು ಕಟ್ಟಿಕೊಂಡಾಗ ಗೇರ್ ಗೇರಿಗೂ ಗೊತ್ತಾಯಿತು. ಅದು ಬಿಟ್ಟರೆ ಪ್ರಯಾಣ ಸಲೀಸು, ಸ್ಟೀರಿಂಗ್ ಮೊದಲಿಗಿಂತ ಎಷ್ಟೋ ಗಟ್ಟಿ. ಜಾತ್ರೆಯಲ್ಲಿ ಸುಟ್ಟ ಕೊಬ್ಬರಿ ವಾಸನೆ ನಡುವೆ ನಮ್ಮ ಬೆಣ್ಣೆ ವಾಸನೆ, ಎರಡು ದಿನದಲ್ಲಿ ಹಿಟ್ಟು ಖಾಲಿ.

ವಾಪಸ್ ಬರುವಾಗ ಸಂಜೆ. ಚಿತ್ರದುರ್ಗ ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದ ಮೇಲೆ ರಸ್ತೆ ಇಳಿಜಾರು, ಹೊಟ್ಟೆ ತುಂಬಾ ದುಡ್ಡು ಮಾಡಿದ ಖುಷಿ, ಮುಳ್ಳು ಎಪ್ಪತ್ತೈದಕ್ಕೆ ಹೋಗಿತ್ತು. ಬಲಗಡೆಯಿಂದ ಒಂದು ಸ್ಲೀಪರ್ ಬಸ್ ಬಂತು. ಅದರ ಮೂತಿ ನಮ್ಮನ್ನು ದಾಟುವಾಗ ಗಾಳಿ ಟ್ರೇಲರನ್ನು ಎಡಕ್ಕೆ ತಳ್ಳಿತು, ಹಿಂಭಾಗ ದಾಟುವಾಗ ಬಲಕ್ಕೆ ಎಳೆಯಿತು. ಅಷ್ಟೇ ಸಾಕಾಯಿತು. ಎಡ ಕನ್ನಡಿಯಲ್ಲಿ ಟ್ರೇಲರ್‌ನ ಮೈ ಕಾಣಿಸಿತು, ಮರೆಯಾಯಿತು, ಬಲ ಕನ್ನಡಿಯಲ್ಲಿ ಕಾಣಿಸಿತು, ಮತ್ತೆ ಎಡದಲ್ಲಿ, ಈ ಸಲ ಇನ್ನೂ ಜಾಸ್ತಿ. ಗಾಡಿಯ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ. ಬಾಮೈದ "ಬ್ರೇಕ್ ಹಾಕು ಮಾವಾ, ಬ್ರೇಕ್ ಹಾಕು!" ಅಂತ ಚೀರಿದ. ಕಾಲು ಅದೇ ಕಡೆ ಹೋಗಿತ್ತು ಕೂಡ. ಆದರೆ ಓದಿದ್ದು ನೆನಪಿತ್ತು, ಆ ಹೊತ್ತಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ನಿಧಾನ ಆಗುತ್ತೆ, ಹಿಂದಿನದು ತಳ್ಳುತ್ತೆ, ನಡು ಮುರಿದುಕೊಂಡು ಅಡ್ಡ ಬೀಳುತ್ತೆ. ಆಕ್ಸಿಲರೇಟರ್ ಮಾತ್ರ ಬಿಟ್ಟೆ. ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸಿ ಸರಿ ಮಾಡಲು ಹೋಗದೆ ನೆಟ್ಟಗೆ ಬಿಗಿಯಾಗಿ ಹಿಡಿದುಕೊಂಡೆ. ಅರವತ್ತೈದು, ಅರವತ್ತು, ಐವತ್ತೈದು. ಐವತ್ತಕ್ಕೆ ಬರುವಾಗ ಬಾಲ ಸುಮ್ಮನಾಯಿತು. ಹೆಚ್ಚೆಂದರೆ ಏಳೆಂಟು ಸೆಕೆಂಡ್. ಭರಮಸಾಗರದಲ್ಲಿ ಪಕ್ಕಕ್ಕೆ ಹಾಕಿ ಟೀ ಕುಡಿದೆವು, ನನ್ನ ಲೋಟ ಅಲ್ಲಾಡುತ್ತಿತ್ತು. ಬಾಮೈದ ಟ್ರೇಲರ್ ಹಿಂದೆ 'ಮಾಡಿದಷ್ಟು ನೀಡು ಭಿಕ್ಷೆ' ಅಂತ ಬರೆಸಿದ್ದಾನೆ, ಹಟ್ಟಿ ಸ್ವಾಮಿಯ ಮಾತು. ಟೀ ಅಂಗಡಿಯವನು ಅದನ್ನು ಓದಿ ಕೈ ಮುಗಿದ. ನಾನೂ ಮುಗಿದೆ.

ಅಲ್ಲಿಂದ ಮನೆವರೆಗೆ ನಲವತ್ತರಲ್ಲೇ ಬಂದೆವು. ಬಂದವನೇ ಕೈ ಕಾಲು ತೊಳೆಯದೆ ತಕ್ಕಡಿ ಎಳೆದು ಮೂತಿ ಕೂರಿಸಿದೆ. 38 ಕಿಲೋ! ಹೋಗುವಾಗ 130 ಇದ್ದದ್ದು. ನೀರಿನ ಟ್ಯಾಂಕ್ ಇದ್ದದ್ದು ಟ್ರೇಲರ್‌ನ ಮುಂತುದಿಯಲ್ಲಿ, ಆಕ್ಸಲ್‌ನಿಂದ 1.4 ಮೀಟರ್ ಮುಂದೆ. ಅಲ್ಲಿ ಜಾಗ ಇತ್ತು ಅಂತ ಶೆಡ್‌ನವರು ಅಲ್ಲಿ ಹಾಕಿದ್ದರು. ತುಂಬಿದಾಗ ಆ 200 ಲೀಟರ್ ಒಂದೇ ಮೂತಿಗೆ 93 ಕಿಲೋ ಕೊಡುತ್ತಿತ್ತು. ಜಾತ್ರೆಯಲ್ಲಿ ನೀರು ಖಾಲಿ, ಆ ತೊಂಬತ್ಮೂರೂ ಹೋಯಿತು. ಕಾವಲಿ, ಜನರೇಟರ್ ಮಾತ್ರ ನಾವೇ ಕಟ್ಟಿದ ಹಿಂಬಾಗಿಲಲ್ಲಿ ಹಾಗೇ ಕೂತಿದ್ದವು. 950 ಕಿಲೋ ಟ್ರೇಲರ್‌ಗೆ ಮೂತಿ ಶೇಕಡಾ ನಾಲ್ಕು. ಅದು ಅಲ್ಲಾಡದೆ ಇನ್ನೇನು ಮಾಡುತ್ತೆ!

ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಲೇ ಇಲ್ಲ. "ಹಿಂಭಾರ ಮಾಡ್ಕೊಂಡು ಬಂದೀರಿ. ಮೂಕಿ ಮ್ಯಾಲೆ ಎದ್ದು ಎತ್ತಿನ ಕೊಳ್ಳಿಗೆ ನೊಗದ ಹಗ್ಗ ಬಿಗೀತೈತಿ, ಎತ್ತು ಗಾಬರಿ ಆಗಿ ಅತ್ಲಾಗ್ ಇತ್ಲಾಗ್ ಎಳೀತಾವೆ" ಅಂದರು. ಮೂಕಿ ಅಂದರೆ ಎತ್ತಿನ ಗಾಡಿಯಲ್ಲಿ ಮುಂದೆ ನೊಗ ಕಟ್ಟುವ ಮರ. ಮುಂಭಾರ ಜಾಸ್ತಿ ಆದರೆ ಎತ್ತಿನ ಹೆಗಲು ಹುಣ್ಣಾಗುತ್ತೆ, ಕಡಿಮೆ ಆದರೆ ಎತ್ತು ಕೈಗೆ ಸಿಗಲ್ಲ, ಅದಕ್ಕೇ ಸ್ವಲ್ಪ ಮುಂಭಾರ ಇಟ್ಟು ಗಾಡಿ ಹೇರಬೇಕು. ದಾರಿಯಲ್ಲಿ ಅರ್ಧ ಮಾಲು ಇಳಿಸಿದರೆ ಉಳಿದದ್ದನ್ನು ಸರಿಸಿ ಮತ್ತೆ ಹೇರುತ್ತಿದ್ದರಂತೆ. ಇದನ್ನು ಮೊದಲೇ ಬಿಡಿಸಿ ಹೇಳಬಾರದಿತ್ತಾ ಅಂದರೆ, "ನೀವು ನಗಾಡ್ತಿದ್ರಿ" ಅಂದರು.

ಟ್ಯಾಂಕನ್ನು ಕಿತ್ತು, ಆಕ್ಸಲ್‌ಗಿಂತ ಒಂದಡಿ ಮಾತ್ರ ಮುಂದೆ ಕೂರಿಸಿದೆವು. ಈಗ ತುಂಬಿದ್ದರೂ ಖಾಲಿ ಇದ್ದರೂ ಮೂತಿಗೆ ಇಪ್ಪತ್ತು ಕಿಲೋ ವ್ಯತ್ಯಾಸ, ಅಷ್ಟೇ. ಕಾವಲಿ, ಜನರೇಟರ್ ಮೊದಲಿದ್ದ ಜಾಗಕ್ಕೇ ಹೋದವು. ತಕ್ಕಡಿ: ತುಂಬಿದಾಗ 118, ನೀರು ಖಾಲಿ ಆದಾಗ 98. ಎರಡೂ ಶೇಕಡಾ ಹತ್ತರ ಮೇಲೆ. ಗಾಡಿಯ ಡಿಕ್ಕಿಯಲ್ಲಿದ್ದ 120 ಕಿಲೋ ಹಿಟ್ಟಿನ ಕ್ಯಾನ್‌ಗಳು ನಡು ಸೀಟಿನ ಕಾಲಿಡುವ ಜಾಗಕ್ಕೆ ಬಂದವು. ವೇಬ್ರಿಡ್ಜ್ ಹುಡುಗ ಈ ಸಲ ಕೇಳಲಿಲ್ಲ, ಅವನೇ ದೋಸೆ ಅಂತ ಬರೆದ. ಮುಂದೆ 1040, ಹಿಂದೆ 1230. ಚೀಲಕ್ಕೆ ಈಗ 12 ಪಿಎಸ್‌ಐ ಸಾಕು, ಟ್ರೇಲರ್ ಬಿಚ್ಚಿದ ಮೇಲೆ 5ಕ್ಕೆ ಇಳಿಸುತ್ತೇನೆ. ಚೀಲ ದಂಡ ಅಂತ ನಾನು ಹೇಳಲ್ಲ. ಉಳಿದ ಸ್ವಲ್ಪ ಕುಸಿತಕ್ಕೆ, ಹಂಪ್‌ಗೆ, ಲೈಟಿಗೆ ಅದು ಬೇಕು. ಆದರೆ ತೂಕ ಸರಿ ಮಾಡಿ ಆಮೇಲೆ ಹಾಕಿಸಿದ್ದರೆ ಮೊದಲ ದಿನವೇ ಅದರ ಬೆಲೆ ಗೊತ್ತಾಗುತ್ತಿತ್ತು. ನಾನು ಉಲ್ಟಾ ಮಾಡಿದೆ. ಬಾಲ್ ಕೂತಿರುವ ಕಂಬಿಯನ್ನೂ ಎರಡು ಇಂಚು ಇಳಿಸಿದ್ದೇನೆ, ಟ್ರೇಲರ್‌ನ ಚಾಸಿ ಮುಂದೆ ಹಿಂದೆ ನೆಲದಿಂದ ಒಂದೇ ಎತ್ತರ ಬರಲಿ ಅಂತ. ಅರವತ್ತು ದಾಟಿಸಲ್ಲ, ಯಾವ ಬಸ್ಸಿನವನು ಎಷ್ಟು ಹಾರ್ನ್ ಹೊಡೆದರೂ.

ಹೋದ ತಿಂಗಳು ಹರಿಹರದಲ್ಲಿ ಒಂದು ಮದುವೆಗೆ ಹೊರಡಬೇಕಿತ್ತು. ಅಭ್ಯಾಸ ಆಗಿದೆ, ಕಟ್ಟುವ ಮೊದಲು ಮೂತಿ ತಕ್ಕಡಿ ಮೇಲೆ. 149 ತೋರಿಸಿತು. ಬಾಮೈದನ ಕಡೆ ನೋಡಿದೆ, ಅವನು ಆಕಾಶದ ಕಡೆ ನೋಡಿದ. ಬಾಗಿಲು ತೆಗೆದರೆ ಮುಂತುದಿಯಲ್ಲಿ, ಟ್ಯಾಂಕ್ ತೆಗೆದ ಖಾಲಿ ಜಾಗದಲ್ಲಿ, ಹೊಸ ಫ್ರಿಜ್. ಬೆಣ್ಣೆ ಇಡೋಕಂತೆ. "ಜಾಗ ಇತ್ತಲ್ಲ ಮಾವಾ" ಅಂದ. ಹತ್ತು ನಿಮಿಷ ಜಗಳ ಆಯಿತು. ಫ್ರಿಜ್ ಈಗ ಆಕ್ಸಲ್ ಮೇಲೆ, ನೀರಿನ ಟ್ಯಾಂಕ್ ಪಕ್ಕದಲ್ಲಿದೆ. ದೋಸೆ ಹಾಕುವ ಹುಡುಗ ಬೆಣ್ಣೆ ಬೇಕಾದಾಗಲೆಲ್ಲಾ ಎರಡು ಹೆಜ್ಜೆ ಹಿಂದೆ ಬರಬೇಕು, ಪ್ರತಿ ಸಲವೂ ನನಗೆ ಬೈದುಕೊಂಡೇ ಬರುತ್ತಾನಂತೆ.